ಕೂಗಳತೆ ಮತ್ತು ಆವರ್ತನ: ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಆಪತ್ಕಾಲದ ನಿಸ್ತಂತು ಸಂಪರ್ಕ

ಕನ್ನಡದಲ್ಲಿ ದೂರವನ್ನು ಹೇಳಲು ಗಾವುದ, ಹರದಾರಿ, ಮೈಲಿಗಳಲ್ಲದೆ ಮತ್ತೊಂದು ಅಳತೆಯುಂಟು. ಅದನ್ನು ಕೂಗಳತೆಯೆಂದು ಕರೆಯುತ್ತಾರೆ. ಒಬ್ಬನು ಕೂಗಿದುದು ಮತ್ತೊಬ್ಬನ ಕಿವಿಗೆ ಬೀಳುವಷ್ಟು ದೂರವೇ ಒಂದು ಕೂಗಳತೆ. ಗಾವುದಕ್ಕೂ ಹರದಾರಿಗೂ ಇಲ್ಲದ ಒಂದು ಗುಣ ಇದಕ್ಕಿದೆ: ಇದು ಸ್ಥಿರವಾದ ಅಳತೆಯಲ್ಲ. ಮಾಘಮಾಸದ ನಿಶ್ಶಬ್ದವಾದ ಬೆಳಗಿನಲ್ಲಿ ಕಣಿವೆಯ ಈಚೆಯ ಅಂಗಳದಿಂದ ಆಚೆಯ ಅಂಗಳಕ್ಕೆ ಸಲೀಸಾಗಿ ಮುಟ್ಟುವ ಕೂಗು ಆಷಾಢದ ಮಳೆಯಲ್ಲಿ ಗದ್ದೆಯ ಅಂಚನ್ನೂ ದಾಟುವುದಿಲ್ಲ. ನಡುವೆ ಗುಡ್ಡವೊಂದು ಅಡ್ಡಬಂದರೆ ಪಕ್ಕದ ಮನೆಯೇ ದೂರದ ಮನೆಯಾಗುತ್ತದೆ. ಆಪತ್ತಿನಲ್ಲಿರುವವನಿಗೆ ನಿಜವಾಗಿ ಬೇಕಾದ ಅಳತೆ ಇದೇ. ನೆರವು ಎಷ್ಟು ಮೈಲಿ ಆಚೆಗಿದೆ ಎಂಬುದು ಅವನಿಗೆ ಎರಡನೆಯ ಮಾತು. ತನ್ನ ಕೂಗು ಯಾರಿಗೆ ಕೇಳಿಸುತ್ತದೆ ಎಂಬುದು ಮೊದಲನೆಯದು.

ಪೋಲೀಸ್, ಅಗ್ನಿಶಾಮಕ, ಅರಣ್ಯ ಮತ್ತು ವೈದ್ಯಕೀಯ ಇಲಾಖೆಗಳು ಆಪತ್ಕಾಲದಲ್ಲಿ ಬಳಸುವ ಎರಡುಕಡೆಯ ನಿಸ್ತಂತು ಉಪಕರಣಗಳು ಕಳೆದ ಎಂಬತ್ತು ವರ್ಷಗಳಲ್ಲಿ ಹಲವು ಬಾರಿ ಬದಲಾದುವು. ಉಪಕರಣದೊಡನೆ ಆವರ್ತನವೂ ಬದಲಾಯಿತು. ಈ ಬದಲಾವಣೆಗಳನ್ನು ಎಂಜಿನಿಯರುಗಳು ತಮ್ಮ ವರದಿಗಳಲ್ಲಿ ಬರೆದಿಟ್ಟಿದ್ದಾರೆ. ಇತಿಹಾಸಕಾರರು ಅವುಗಳ ಕಡೆಗೆ ತಿರುಗಿ ನೋಡಿದುದು ಕಡಿಮೆ. ಹಳೆಯ ಸೆಟ್ಟು ಹೋಗಿ ಹೊಸ ಸೆಟ್ಟು ಬಂದರೆ ಅದರಲ್ಲಿ ಇತಿಹಾಸವೇನಿದೆ ಎಂಬ ಭಾವನೆಯೇ ಇದಕ್ಕೆ ಕಾರಣವಿರಬೇಕು. ನಮ್ಮ ಅಭಿಪ್ರಾಯ ಬೇರೆ. ಆವರ್ತನ ಬದಲಾದಾಗಲೆಲ್ಲ ಕೂಗಳತೆ ಬದಲಾಗುತ್ತದೆ. ಯಾರ ಕೂಗು ಯಾರಿಗೆ ಕೇಳಿಸಬೇಕು, ಯಾರಿಗೆ ಕೇಳಿಸಬಾರದು ಎಂಬುದು ಹೊಸದಾಗಿ ನಿರ್ಣಯವಾಗುತ್ತದೆ. ಈ ನಿರ್ಣಯ ರಾಜಧಾನಿಯಲ್ಲಿ ಕಾಗದದ ಮೇಲೆ ಆಗುವುದಾದರೂ ಮಲೆನಾಡಿನಲ್ಲಿ ಅದರ ಮೇಲೆ ಮೇಲ್ಮನವಿಯನ್ನು ಕೇಳುವುದು ಗುಡ್ಡ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಈ ಮಾತನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ನೆಲದ ಸ್ವರೂಪವನ್ನು ಹೇಳಬೇಕು. ಈ ಮೂರು ತಾಲ್ಲೂಕುಗಳೂ ಚಿಕ್ಕಮಗಳೂರು ಜಿಲ್ಲೆಯ ಪಶ್ಚಿಮ ಮತ್ತು ವಾಯವ್ಯ ಭಾಗದಲ್ಲಿವೆ. 1947ರವರೆಗೆ ಈ ಜಿಲ್ಲೆಗೆ ಕಡೂರು ಜಿಲ್ಲೆಯೆಂದು ಹೆಸರಿತ್ತು. ಶೃಂಗೇರಿಯನ್ನೂ ಹರಿಹರಪುರವನ್ನೂ ಮುಟ್ಟಿಕೊಂಡು ತುಂಗೆ ಹರಿಯುತ್ತಾಳೆ. ಬಾಳೆಹೊನ್ನೂರನ್ನು ಹಾದು ಭದ್ರೆ ಹರಿಯುತ್ತಾಳೆ. ಹಿಂದೆ ಎಡೇಹಳ್ಳಿಯೆಂದಿದ್ದ ಊರು ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಭೇಟಿಯ ನೆನಪಿಗಾಗಿ 1915ರಲ್ಲಿ ನರಸಿಂಹರಾಜಪುರವಾಯಿತು. ಲಕ್ಕವಳ್ಳಿಯ ಅಣೆಕಟ್ಟಿನ ಹಿನ್ನೀರು ಈಗ ಆ ಊರಿನ ಸಮೀಪದವರೆಗೂ ಬಂದಿದೆ. ಜಿಲ್ಲೆಯ ಮುಖ್ಯಸ್ಥಳವಾದ ಚಿಕ್ಕಮಗಳೂರಿನಿಂದ ನರಸಿಂಹರಾಜಪುರಕ್ಕೆ ನಕ್ಷೆಯ ಮೇಲೆ ನೇರವಾದ ಗೆರೆಯೆಳೆದರೆ ಅದು ಬಾಬಾಬುಡನ್ ಗಿರಿಶ್ರೇಣಿಯ ಮೇಲೆಯೇ ಹಾದುಹೋಗುತ್ತದೆ. ಶೃಂಗೇರಿಯಿಂದ ಪಶ್ಚಿಮಕ್ಕೆ ನಡೆದರೆ ಕಿಗ್ಗ, ನರಸಿಂಹಪರ್ವತ, ಅಲ್ಲಿಂದಾಚೆಗೆ ಘಟ್ಟದ ಅಂಚು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರು ಮಳೆ ಸುರಿಯುವ ಆಗುಂಬೆ ಇಲ್ಲಿಗೆ ದೂರವಲ್ಲ.

ಜನವಸತಿಯ ರೀತಿಯೂ ಬಯಲುಸೀಮೆಯದಲ್ಲ. ಅಡಕೆಯ ತೋಟ, ಗದ್ದೆ, ಹಾಡ್ಯ, ಅವುಗಳ ನಡುವೆ ಒಂದು ಮನೆ; ಮುಂದಿನ ಮನೆಗೆ ಒಂದು ಹಳ್ಳ, ಒಂದು ಕಾಲುಸಂಕ, ಒಂದು ಏರು. ಕುವೆಂಪು ಹುಟ್ಟಿದ ಹಿರೇಕೊಡಿಗೆ ಕೊಪ್ಪ ತಾಲ್ಲೂಕಿನ ಊರು. ಅವರ ಕಾದಂಬರಿಗಳನ್ನೋದಿದವರಿಗೆ ಈ ಒಂಟಿಮನೆಗಳ ವಿಷಯವನ್ನು ನಾವು ವಿವರಿಸಬೇಕಾಗಿಲ್ಲ.

ನಿಸ್ತಂತುವಿಗೆ ಮುಂಚೆ ಆಪತ್ತಿನ ಸುದ್ದಿ ಕಾಲ್ನಡೆಯಲ್ಲಿ ಹೊರಡುತ್ತಿತ್ತು. ಚಿಕ್ಕದೇವರಾಜ ಒಡೆಯರ ಕಾಲದಿಂದ ನಡೆದುಬಂದಿದ್ದ ಮೈಸೂರು ಸಂಸ್ಥಾನದ ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಲೀನವಾಯಿತು. ತಂತಿಯನ್ನು ಕುರಿತ ಅಧಿಕಾರವೆಲ್ಲ ಸರಕಾರದ್ದೇ ಎಂದು ಸಾರಿದ ಟೆಲಿಗ್ರಾಫ್ ಅಧಿನಿಯಮ ಅದಕ್ಕೆ ನಾಲ್ಕು ವರ್ಷ ಮೊದಲು, 1885ರಲ್ಲಿ ಬಂದಿತ್ತು. ತಂತಿಯ ಕಚೇರಿಯಿಂದಾಚೆಗೆ ಸುದ್ದಿ ಎಷ್ಟು ವೇಗವಾಗಿ ಹೋದರೂ ಆ ಕಚೇರಿಯನ್ನು ಮುಟ್ಟುವವರೆಗೆ ಅದರ ವೇಗ ಮನುಷ್ಯನ ಕಾಲಿನದೇ. ರೋಗಿಯನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ತರುವವರು ಯಾರಿಗೂ ಮುಂಚಿತವಾಗಿ ತಿಳಿಸುವಂತಿರಲಿಲ್ಲ. ಅವರು ಬಂದು ಮುಟ್ಟಿದಾಗಲೇ ಸುದ್ದಿಯೂ ಮುಟ್ಟುತ್ತಿತ್ತು.

ಚಲಿಸುವ ವಾಹನದೊಡನೆ ಮಾತನಾಡುವ ಯತ್ನ ಮೊದಲು ಫಲಿಸಿದುದು ಅಮೆರಿಕದಲ್ಲಿ. ಡೆಟ್ರಾಯಿಟ್ ನಗರದ ಪೋಲೀಸರು 1928ರಲ್ಲಿ ತಮ್ಮ ಮೋಟಾರುಗಳಿಗೆ ರೇಡಿಯೋ ಅಳವಡಿಸಿದರು. ಆದರೆ ಅದು ಒಂದುಕಡೆಯ ವ್ಯವಸ್ಥೆ. ಠಾಣೆ ಹೇಳಬಹುದು, ವಾಹನ ಕೇಳಬಹುದು, ಉತ್ತರ ಕೊಡಲು ವಾಹನಕ್ಕೆ ಬಾಯಿಲ್ಲ. 1933ರಲ್ಲಿ ನ್ಯೂಜೆರ್ಸಿಯ ಬಯೋನ್ ನಗರದಲ್ಲಿ ಎರಡುಕಡೆಯ ಮಾತು ಸಾಧ್ಯವಾಯಿತು. 1940ರಲ್ಲಿ ಕನೆಕ್ಟಿಕಟ್ ರಾಜ್ಯದ ಪೋಲೀಸರು ಕರ್ಕಶಧ್ವನಿಯಿಲ್ಲದ ಎಫ್.ಎಂ. ಪದ್ಧತಿಯನ್ನು ಕೈಗೊಂಡರು. ಬಯೋನ್ ಪೋಲೀಸರು ತಮ್ಮ ಮೋಟಾರಿನಿಂದ ಉತ್ತರ ಕೊಡಲಾರಂಭಿಸಿದ ಅದೇ 1933ರಲ್ಲಿ ನಮ್ಮ ದೇಶದಲ್ಲಿ ಇಂಡಿಯನ್ ವಯರ್‌ಲೆಸ್ ಟೆಲಿಗ್ರಫಿ ಅಧಿನಿಯಮ ಹೊರಟು, ಪರವಾನಗಿಯಿಲ್ಲದೆ ನಿಸ್ತಂತು ಯಂತ್ರವನ್ನು ಇಟ್ಟುಕೊಳ್ಳುವುದೇ ಅಪರಾಧವಾಯಿತು. ಒಂದು ಕಡೆ ಯಂತ್ರಕ್ಕೆ ಬಾಯಿ ಬಂದಿತು, ಇನ್ನೊಂದು ಕಡೆ ಯಾರು ಬಾಯಿಬಿಡಬಹುದು ಎಂಬ ಕಾನೂನು ಬಂದಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಪ್ರಾಂತಗಳ ಪೋಲೀಸ್ ನಿಸ್ತಂತುವನ್ನು ಹೊಂದಿಸುವ ಸಲುವಾಗಿ ಕೇಂದ್ರ ಗೃಹಖಾತೆಯಲ್ಲಿ ಒಂದು ಕಚೇರಿ ಸ್ಥಾಪಿತವಾಯಿತು. ಇಂದು ಪೋಲೀಸ್ ನಿಸ್ತಂತು ಸಮನ್ವಯ ನಿರ್ದೇಶನಾಲಯವೆನಿಸಿರುವುದು ಅದೇ. ದೇಶದಲ್ಲಿ ಯಾರಿಗೆ ಯಾವ ಆವರ್ತನವೆಂದು ಹಂಚುವ ಕಾರ್ಯಾಲಯ 1952ರಲ್ಲಿ ಏರ್ಪಟ್ಟಿತು.

ಇಲ್ಲಿ ಪರಿಭಾಷೆಯ ವಿಷಯವಾಗಿ ಒಂದು ಮಾತು. ಅಲೆಯು ಒಂದು ಸೆಕೆಂಡಿನಲ್ಲಿ ಎಷ್ಟು ಬಾರಿ ಕಂಪಿಸುತ್ತದೆ ಎಂಬುದು ಆವರ್ತನ. ಒಂದು ಅಲೆಯ ಉದ್ದ ತರಂಗಾಂತರ. ನಮ್ಮ ಪತ್ರಿಕೆಗಳು ಎರಡಕ್ಕೂ ತರಂಗಾಂತರವೆಂದೇ ಬರೆಯುತ್ತವೆ. ಠಾಣೆಯ ಕಾನ್‌ಸ್ಟೇಬಲ್ ಎರಡನ್ನೂ ಬಿಟ್ಟು ಚಾನೆಲ್ ಎನ್ನುತ್ತಾನೆ. ವಿದ್ಯಾರ್ಥಿಗಳು ಇಷ್ಟನ್ನು ನೆನಪಿಟ್ಟರೆ ಸಾಕು: ಆವರ್ತನ ಹೆಚ್ಚಿದಷ್ಟೂ ಅಲೆ ಗಿಡ್ಡವಾಗುತ್ತದೆ, ಅಲೆ ಗಿಡ್ಡವಾದಷ್ಟೂ ಗುಡ್ಡಕ್ಕೂ ಒದ್ದೆಯಾದ ಎಲೆಗೂ ಸುಲಭವಾಗಿ ಸೋಲುತ್ತದೆ. ಮುಂದೆ ಹೇಳುವುದೆಲ್ಲ ಬಹುಮಟ್ಟಿಗೆ ಈ ಒಂದು ನಿಯಮದ ವ್ಯಾಖ್ಯಾನ.

ಪೋಲೀಸ್ ನಿಸ್ತಂತುವಿನ ಮೊದಲ ಯುಗ ಮೋರ್ಸ್ ಸಂಕೇತದ ಯುಗ. 3ರಿಂದ 30 ಮೆಗಾಹರ್ಟ್ಸ್ ನಡುವಣ ಅಲೆಗಳು ಮೇಲೇರಿ, ವಾಯುಮಂಡಲದ ಮೇಲ್ತುದಿಯ ಅಯಾನ ಪದರಕ್ಕೆ ತಾಕಿ ಹಿಂದಿರುಗುತ್ತವೆ. ಗುಡ್ಡಗಳನ್ನು ಅವು ಲೆಕ್ಕಕ್ಕಿಡುವುದಿಲ್ಲ. ರಾಜಧಾನಿಗೂ ಜಿಲ್ಲೆಯ ಮುಖ್ಯಸ್ಥಳಗಳಿಗೂ ಇವು ಒದಗಿಬಂದುವು. ಆದರೆ ಈ ಯಂತ್ರಗಳು ದೊಡ್ಡವು, ಅವುಗಳ ಭಾಷೆ ಪಳಗಿದವರಿಗೆ ಮಾತ್ರ ತಿಳಿಯುವ ಚುಕ್ಕಿ ಗೆರೆಗಳ ಭಾಷೆ. ಸಬ್‌ಇನ್‌ಸ್ಪೆಕ್ಟರರು ಪಕ್ಕದಲ್ಲಿ ನಿಂತಿದ್ದರೂ ಅವರಿಗೆ ಅರ್ಥವಾಗುತ್ತಿರಲಿಲ್ಲ. ಆಪರೇಟರು ಕಿವಿಯಿಂದ ಕೆಳಗಿಳಿಸಿ ಬರೆದುಕೊಟ್ಟುದೇ ವಾರ್ತೆ. ಮಲೆನಾಡಿನ ತಾಲ್ಲೂಕಿಗೆ ಇದರಿಂದ ಆದ ಪ್ರಯೋಜನ ಪರೋಕ್ಷವಾದುದು. ನದಿ ಉಕ್ಕಿದ ಸುದ್ದಿ ಚಿಕ್ಕಮಗಳೂರನ್ನು ಮುಟ್ಟಿದರೆ ಅಲ್ಲಿಂದ ಬೆಂಗಳೂರಿಗೆ ಗಳಿಗೆಯಲ್ಲಿ ಹೋಗಬಹುದು. ಚಿಕ್ಕಮಗಳೂರನ್ನು ಮುಟ್ಟುವುದೇ ಕಷ್ಟ.

ಈ ಕೊರತೆಯನ್ನು ತುಂಬಿದುದು ಎರಡನೆಯ ಯುಗ. ನಮ್ಮ ದೃಷ್ಟಿಯಲ್ಲಿ ಮಲೆನಾಡಿನ ಮಟ್ಟಿಗೆ ಅತ್ಯಂತ ಮುಖ್ಯವಾದುದು ಇದೇ. 1969ರಲ್ಲಿ ಕೇಂದ್ರ ಸರಕಾರ ರಾಜ್ಯಗಳ ಪೋಲೀಸ್ ಪಡೆಗಳ ಆಧುನೀಕರಣದ ಯೋಜನೆಯನ್ನು ಆರಂಭಿಸಿತು. ಅನಂತರದ ದಶಕಗಳಲ್ಲಿ ವಿ.ಎಚ್.ಎಫ್. ಸೆಟ್ಟುಗಳು ದೇಶದ ಠಾಣೆಗಳಿಗೂ ಜೀಪುಗಳಿಗೂ, ಕೊನೆಗೆ ವಾಕಿಟಾಕಿಯ ರೂಪದಲ್ಲಿ ಕಾನ್‌ಸ್ಟೇಬಲನ ಸೊಂಟಕ್ಕೂ ಇಳಿದುಬಂದುವು. ಸಾಮಾನ್ಯವಾಗಿ ಈ ಸೆಟ್ಟುಗಳು 136ರಿಂದ 174 ಮೆಗಾಹರ್ಟ್ಸ್ ನಡುವೆ ಕೆಲಸಮಾಡುತ್ತವೆ. ಅಲೆಯ ಉದ್ದ ಎರಡು ಮೀಟರಿನ ಆಸುಪಾಸು. ಮೋರ್ಸ್ ಹೋಗಿ ಮಾತು ಬಂದಿತು. ಆದರೆ ಈ ಅಲೆ ಆಕಾಶಕ್ಕೆ ತಾಕಿ ಹಿಂದಿರುಗುವುದಿಲ್ಲ. ಕಣ್ಣಿನ ದೃಷ್ಟಿಯಂತೆ ಹೆಚ್ಚು ಕಡಿಮೆ ನೇರವಾಗಿ ಸಾಗುತ್ತದೆ. ಮೀಟರಿನಲ್ಲಿ ಕಂಬದ ಎತ್ತರವೆಷ್ಟೋ ಅದರ ವರ್ಗಮೂಲವನ್ನು ನಾಲ್ಕರಿಂದ ಗುಣಿಸಿದರೆ ಕಿಲೋಮೀಟರಿನಲ್ಲಿ ಅದರ ಕ್ಷಿತಿಜ ಸುಮಾರಾಗಿ ದೊರೆಯುತ್ತದೆ. ಠಾಣೆಯ ಹತ್ತು ಮೀಟರಿನ ಕಂಬಕ್ಕೆ ಸುಮಾರು 13 ಕಿಲೋಮೀಟರು, ಅದೂ ಸಮತಟ್ಟಾದ ನೆಲದಲ್ಲಿ. ಬಯಲುಸೀಮೆಯ ಕಡೂರಿಗೆ ಹೊಂದುವ ಈ ಲೆಕ್ಕ ಕೊಪ್ಪಕ್ಕೆ ಹೊಂದುವುದಿಲ್ಲ.

ಇದಕ್ಕೆ ಉಪಾಯವೆಂದರೆ ಗುಡ್ಡದೊಡನೆ ಹೋರಾಡದೆ ಗುಡ್ಡವನ್ನೇ ಏರುವುದು. ಎತ್ತರದ ಶಿಖರದ ಮೇಲೆ ಒಂದು ಮರುಪ್ರಸಾರ ಕೇಂದ್ರವನ್ನು ಸ್ಥಾಪಿಸಿದರೆ, ಕಣಿವೆಯ ಸೆಟ್ಟು ಒಂದು ಆವರ್ತನದಲ್ಲಿ ಹೇಳಿದುದನ್ನು ಅದು ಕೇಳಿ, ಅದೇ ಕ್ಷಣದಲ್ಲಿ ಮತ್ತೊಂದು ಆವರ್ತನದಲ್ಲಿ ಎಲ್ಲ ದಿಕ್ಕಿಗೂ ಸಾರುತ್ತದೆ. ಇಲಾಖೆಯವರು ಇದನ್ನು ರಿಪೀಟರ್ ಎನ್ನುತ್ತಾರೆ. ಮುಳ್ಳಯ್ಯನಗಿರಿಯನ್ನು ಹತ್ತಿದವರೆಲ್ಲರೂ ತುದಿಯಲ್ಲಿ ಎರಡು ವಸ್ತುಗಳನ್ನು ಕಂಡಿರುತ್ತಾರೆ: ಒಂದು ಮುಳ್ಳಪ್ಪಸ್ವಾಮಿಯ ಗದ್ದುಗೆ, ಇನ್ನೊಂದು ಪೋಲೀಸರ ನಿಸ್ತಂತು ಮರುಪ್ರಸಾರ ಕೇಂದ್ರ. ಸುಮಾರು 1930 ಮೀಟರು ಎತ್ತರದ ಈ ಶಿಖರ ಕರ್ನಾಟಕದಲ್ಲಿಯೇ ಅತಿ ಎತ್ತರದ್ದು. ನಮ್ಮ ಮೂರು ಊರುಗಳಿಗಿಂತ ಸಾವಿರದ ನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಮೇಲಿನ ಸೂತ್ರದಂತೆ ಅಂಥ ಎತ್ತರದಿಂದ ಕ್ಷಿತಿಜ 130 ಕಿಲೋಮೀಟರಿಗೂ ಆಚೆ. ಅಲ್ಲಿಂದ ನರಸಿಂಹರಾಜಪುರ, ಕೊಪ್ಪ, ಶೃಂಗೇರಿಗಳು ನೇರವಾದ ಗೆರೆಯಲ್ಲಿ 30ರಿಂದ 50 ಕಿಲೋಮೀಟರಿನ ಆಸುಪಾಸಿನಲ್ಲಿವೆ. ಚಿಕ್ಕಮಗಳೂರಿಗೂ ನರಸಿಂಹರಾಜಪುರಕ್ಕೂ ನಡುವೆ ಅಡ್ಡವಾಗಿ ನಿಂತ ಗಿರಿಯೇ ಅವೆರಡನ್ನೂ ಮಾತನಾಡಿಸಬಲ್ಲುದಾಯಿತು.

ಗಣಿತ ಇಷ್ಟು ಹೇಳುತ್ತದೆ. ಮಲೆನಾಡು ಇದಕ್ಕೆ ತಿದ್ದುಪಡಿ ಹಾಕುತ್ತದೆ. ಶಿಖರಕ್ಕೆ ಊರು ಕಂಡರೂ ಊರಿನ ಹಿಂದಣ ಕಣಿವೆ ಕಾಣುವುದಿಲ್ಲ. ಬೆಳಕಿಗೆ ನೆರಳಿರುವಂತೆ ಅಲೆಗೂ ನೆರಳುಂಟು. ಕಿಗ್ಗದಾಚೆಯ ತಗ್ಗುಗಳಂಥ ಕಡೆ ಸೆಟ್ಟು ಹಿಡಿದವನು ಒಂದು ಏರನ್ನು ಹತ್ತಿ ನಿಂತು ಮಾತನಾಡಬೇಕು. ಚುನಾವಣೆಯ ಅಧಿಕಾರಿಗಳು ಇಂಥ ಸ್ಥಳಗಳನ್ನು ಪಟ್ಟಿಮಾಡಿ ಶ್ಯಾಡೋ ಏರಿಯಾ ಎಂದು ಕರೆದು, ಅಲ್ಲಿನ ಮತಗಟ್ಟೆಗಳಿಗೆ ಬೇರೆ ಏರ್ಪಾಡು ಮಾಡುವುದನ್ನು ಓದುಗರು ಕೇಳಿರಬಹುದು. ಎತ್ತರವಿದ್ದಲ್ಲಿ ಸಿಡಿಲಿನ ಭಯವೂ ಹೆಚ್ಚು. ಬೇಸಗೆಯಲ್ಲಿ ಸೌರಫಲಕದಿಂದ ಬ್ಯಾಟರಿಗೆ ವಿದ್ಯುತ್ತು ತುಂಬಬಹುದು. ಆಷಾಢ ಶ್ರಾವಣಗಳಲ್ಲಿ ವಾರಗಟ್ಟಲೆ ಸೂರ್ಯದರ್ಶನವಿಲ್ಲದ ಶಿಖರದಲ್ಲಿ ಅದು ಉಪವಾಸವಿರುತ್ತದೆ. ನೆರವು ಹೆಚ್ಚು ಬೇಕಾಗುವ ತಿಂಗಳುಗಳೂ ಯಂತ್ರ ಹೆಚ್ಚು ಬಳಲುವ ತಿಂಗಳುಗಳೂ ಒಂದೇ. ಯೋಜನೆಯ ಕಾಗದಗಳಲ್ಲಿ ಈ ಸಂಗತಿಗೆ ಸಾಲುವಷ್ಟು ಸ್ಥಳ ದೊರೆಯುವುದಿಲ್ಲವೆಂದು ನಮ್ಮ ಭಾವನೆ.

ಎರಡನೆಯ ಯುಗಕ್ಕೆ ನಾವು ಪ್ರಾಧಾನ್ಯ ಕೊಡುವುದಕ್ಕೆ ಮಾತು ದೂರ ಹೋಯಿತೆಂಬುದೊಂದೇ ಕಾರಣವಲ್ಲ. ಮರುಪ್ರಸಾರ ಕೇಂದ್ರದ ಮೂಲಕ ಹೋಗುವ ಮಾತು ಒಬ್ಬರನ್ನು ಕುರಿತದ್ದಾದರೂ ಎಲ್ಲರಿಗೂ ಕೇಳಿಸುತ್ತದೆ. ಒಂದು ಠಾಣೆ ಮತ್ತೊಂದನ್ನು ಕರೆದುದು ಆ ಚಾನೆಲಿನಲ್ಲಿರುವ ಎಲ್ಲ ಠಾಣೆಗಳಿಗೂ, ರಸ್ತೆಯಲ್ಲಿರುವ ಎಲ್ಲ ಜೀಪುಗಳಿಗೂ ಕಿವಿಗೆ ಬೀಳುತ್ತದೆ. ಒಬ್ಬರು ಮಾತನಾಡುವಾಗ ಉಳಿದವರು ಸುಮ್ಮನಿರಬೇಕು. ಆದುದರಿಂದಲೇ ಮಾತು ಚಿಕ್ಕದಾಯಿತು, ಕೊನೆಯಲ್ಲಿ ಓವರ್ ಎಂಬ ಮುದ್ರೆ ಬಿದ್ದಿತು. ಹೀಗೆ ಕೇಳುತ್ತ ಕುಳಿತವರಿಗೆ ಯಾರೂ ಪ್ರತ್ಯೇಕವಾಗಿ ತಿಳಿಸದೆ ಹಲವು ವಿಷಯಗಳು ತಿಳಿಯುತ್ತವೆ: ಬಾಳೆಹೊನ್ನೂರಿನಲ್ಲಿ ಭದ್ರೆ ಏರುತ್ತಿದ್ದಾಳೆ, ಜಯಪುರದ ರಸ್ತೆಗೆ ಮರ ಬಿದ್ದಿದೆ, ಶೃಂಗೇರಿಯ ಗಾಂಧಿಮೈದಾನಕ್ಕೆ ನೀರು ನುಗ್ಗಿದೆ. ಹತ್ತಿರದಲ್ಲಿರುವ ವಾಹನ ಆಜ್ಞೆಗೆ ಕಾಯದೆ ತಿರುಗಬಹುದು. ಕೂಗಳತೆಯ ಊರಿನಲ್ಲಿ ಒಬ್ಬನ ಕೂಗು ಕೇಳಿ ಹತ್ತು ಮನೆಯವರು ಹೊರಗೆ ಬರುವ ಕ್ರಮವನ್ನೇ ಇದು ಐವತ್ತು ಕಿಲೋಮೀಟರಿಗೆ ಹಿಗ್ಗಿಸಿತು. ಕರೆಯಲ್ಪಡದವನೂ ಕೇಳಿಸಿಕೊಳ್ಳುವುದು ಈ ವ್ಯವಸ್ಥೆಯ ದೋಷವೆಂದು ಎಂಜಿನಿಯರು ಎಣಿಸಬಹುದು. ಮಲೆನಾಡಿನಲ್ಲಿ ಅದೇ ಅದರ ಗುಣವಾಗಿತ್ತು.

ಅರಣ್ಯ ಇಲಾಖೆಯೂ ಈ ದಾರಿಯನ್ನೇ ಹಿಡಿಯಿತು. 1973ರಲ್ಲಿ ಹುಲಿಯೋಜನೆಗೆ ಸೇರಿದ ಬಂಡೀಪುರದಲ್ಲಿ ನಿಸ್ತಂತು ಜಾಲ ಕಾವಲಿನ ಮುಖ್ಯ ಸಾಧನಗಳಲ್ಲೊಂದಾಯಿತು. ನಮ್ಮ ತಾಲ್ಲೂಕುಗಳಿಗೆ ಹೊಂದಿದ ಕಾಡುಗಳಲ್ಲಿ ಕುದುರೆಮುಖ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಭದ್ರಾ ಅಭಯಾರಣ್ಯ 1998ರಲ್ಲಿ ಹುಲಿಯೋಜನೆಗೆ ಸೇರಿತು. ಕಾಡುಗಿಚ್ಚಿನ ಕಾಲದಲ್ಲಿ ಹೊಗೆ ಕಂಡ ಕಾವಲುಗಾರನ ಕೈಯಲ್ಲಿ ಸೆಟ್ಟಿರುವುದಕ್ಕೂ ಇಲ್ಲದಿರುವುದಕ್ಕೂ ಇರುವ ವ್ಯತ್ಯಾಸವನ್ನು ಹೇಳಬೇಕಾಗಿಲ್ಲ.

ಎಲ್ಲರಿಗೂ ಕೇಳಿಸುವುದು ಅಪಾಯವೂ ಆಗಬಹುದೆಂಬುದು ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಈ ಕಾಡುಗಳಲ್ಲಿಯೇ ತಿಳಿದುಬಂದಿತು. ಕುದುರೆಮುಖದ ಸುತ್ತಿನ ಕಾಡುಗಳಲ್ಲಿ ನಕ್ಸಲೀಯರ ಚಟುವಟಿಕೆ ಹೆಚ್ಚಿ, 2005ರ ಫೆಬ್ರವರಿ 6ರಂದು ಮೆಣಸಿನಹಾಡ್ಯದ ಬಳಿ ಅವರ ನಾಯಕ ಸಾಕೇತ್ ರಾಜನ್ ಪೋಲೀಸರ ಗುಂಡಿಗೆ ಬಲಿಯಾದರು. ಸಾಕಿ ಎಂಬ ಹೆಸರಿನಲ್ಲಿ ಅವರು ಇಂಗ್ಲಿಷಿನಲ್ಲಿ ಬರೆದ ಕರ್ನಾಟಕದ ಇತಿಹಾಸವನ್ನು ನಮ್ಮ ವಿಭಾಗಗಳ ಓದುಗರು ಬಲ್ಲರು. ಇತಿಹಾಸವನ್ನು ಬರೆದವರೊಬ್ಬರು ಇತಿಹಾಸದ ವಸ್ತುವಾದುದು ಈ ತಾಲ್ಲೂಕುಗಳ ಕಾಡಿನಲ್ಲಿ. ನಕ್ಸಲ್ ನಿಗ್ರಹದಳ ಕಾರ್ಕಳವನ್ನು ಕೇಂದ್ರವಾಗಿಟ್ಟುಕೊಂಡು ಕೆಲಸಮಾಡಿತು. ಹಳೆಯ ವಿ.ಎಚ್.ಎಫ್. ಮಾತನ್ನು, ಆ ಆವರ್ತನವನ್ನು ಹಿಡಿಯಬಲ್ಲ ಯಾವ ಯಂತ್ರವಾದರೂ ಕೇಳಬಲ್ಲುದು. ಕಾಡಿನಲ್ಲಿ ಸಾಗುವ ಪಡೆ ತಾನೆಲ್ಲಿದ್ದೇನೆಂದು ಬಿಚ್ಚುಮಾತಿನಲ್ಲಿ ಹೇಳುವಂತಿಲ್ಲ. ದೇಶದ ಭದ್ರತಾಪಡೆಗಳು ಗೂಢಲಿಪಿಯ ಡಿಜಿಟಲ್ ಸೆಟ್ಟುಗಳ ಕಡೆಗೆ ತಿರುಗಲು ಇಂಥ ಸಂದರ್ಭಗಳೂ ಕಾರಣ. ಊರಿನ ನೆರೆಗೆ ತೆರೆದ ಕಿವಿ ಬೇಕು, ಕಾಡಿನ ಕಾರ್ಯಾಚರಣೆಗೆ ಮುಚ್ಚಿದ ಬಾಯಿ ಬೇಕು. ಎರಡನ್ನೂ ಒಂದೇ ಇಲಾಖೆಯಿಂದ ನಿರೀಕ್ಷಿಸಲಾಯಿತು. 2025ರ ಜನವರಿ 8ರಂದು ಆರು ಮಂದಿ ನಕ್ಸಲೀಯರು ಸರಕಾರಕ್ಕೆ ಶರಣಾದ ಮೇಲೆ ಆ ಅಧ್ಯಾಯ ಬಹುಮಟ್ಟಿಗೆ ಮುಗಿದಂತಾಯಿತು. ಮುಚ್ಚಿದ ಬಾಯಿಯ ಯಂತ್ರಗಳು ಅದರೊಡನೆ ಹಿಂದಿರುಗಲಿಲ್ಲ.

ಸಾರ್ವಜನಿಕರ ದೂರವಾಣಿಯ ಕಥೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ಹಳ್ಳಿಗಳಿಗಾಗಿ ದೇಶದಲ್ಲಿಯೇ ರೂಪಿಸಿದ ಸ್ವಯಂಚಾಲಿತ ವಿನಿಮಯ ಕೇಂದ್ರ 1986ರಲ್ಲಿ ಮೊದಲು ಸ್ಥಾಪಿತವಾದುದು ನಮ್ಮ ಕಿತ್ತೂರಿನಲ್ಲಿ. ತಂತಿಯೆಳೆಯಲಾಗದ ಹಳ್ಳಿಗಳಿಗೆ ತೊಂಬತ್ತರ ದಶಕದಲ್ಲಿ ರೇಡಿಯೋ ಮೂಲಕವೇ ದೂರವಾಣಿ ಕೊಡುವ ಯತ್ನ ನಡೆಯಿತು. ಸಿಡಿಲು ಮತ್ತು ಬ್ಯಾಟರಿಗಳ ತೊಂದರೆಯಿಂದ ಅದು ಬಾಳಲಿಲ್ಲ. ಅನಂತರ ಡಬ್ಲ್ಯು.ಎಲ್.ಎಲ್. ಫೋನುಗಳು, ಅವುಗಳ ಹಿಂದೆಯೇ ಮೊಬೈಲು. 2013ರ ಜುಲೈ ಮಧ್ಯದಲ್ಲಿ ತಂತಿಸಮಾಚಾರ ದೇಶದಾದ್ಯಂತ ನಿಂತಿತು. ಮೊಬೈಲು ಜಾಲ ಮುಟ್ಟದ 24,680 ಹಳ್ಳಿಗಳಿಗೆ ನಾಲ್ಕನೆಯ ಪೀಳಿಗೆಯ ಸಂಪರ್ಕ ಕೊಡಬೇಕೆಂದು ಕೇಂದ್ರ ಸಂಪುಟ 2022ರ ಜುಲೈನಲ್ಲಿ ನಿರ್ಧರಿಸಿತು.

ಇಷ್ಟರಲ್ಲಿ ಪ್ರಪಂಚದ ಬೇರೆ ಕಡೆಗಳಲ್ಲಿ ಆವರ್ತನಗಳ ಅಭಾವ ತಲೆದೋರಿತ್ತು. ಅಮೆರಿಕದ ಸರಕಾರ ಪೋಲೀಸ್, ಅಗ್ನಿಶಾಮಕ ಮೊದಲಾದವರ ಒಂದೊಂದು ಚಾನೆಲಿಗೆ ಕೊಟ್ಟಿದ್ದ 25 ಕಿಲೋಹರ್ಟ್ಸ್ ಅಗಲವನ್ನು 12.5ಕ್ಕೆ ಇಳಿಸಿ, 2013ರ ಜನವರಿ 1ರೊಳಗೆ ಎಲ್ಲರೂ ಹೊಸ ಕ್ರಮಕ್ಕೆ ಬರಬೇಕೆಂದು ವಿಧಿಸಿತು. ಒಂದು ಗದ್ದೆಯ ನಡುವೆ ಬದು ಹಾಕಿ ಎರಡು ಮಾಡಿದಂತೆ. ಹಳೆಯ ಸೆಟ್ಟುಗಳು ಮೂಲೆಗೆ ಬಿದ್ದುವು. ಚಾನೆಲು ಕಿರಿದಾದಾಗ ಹಳೆಯ ಪದ್ಧತಿಯ ಮಾತಿನ ವ್ಯಾಪ್ತಿಯೂ ಕೊಂಚ ಕುಗ್ಗುವುದರಿಂದ, ಗುಡ್ಡಗಾಡಿನ ಸಣ್ಣ ಅಗ್ನಿಶಾಮಕ ದಳಗಳು ಹೊಸ ಸೆಟ್ಟಿನೊಡನೆ ಹೊಸ ಕಂಬವನ್ನೂ ಯೋಚಿಸಬೇಕಾಯಿತು. ನಮ್ಮ ದೇಶದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2018ರ ಜೂನ್ 4ರಂದು ಮಾಡಿದ ಶಿಫಾರಸು ಇನ್ನೂ ಮುಂದೆ ಹೋಗುತ್ತದೆ: ಆಪತ್ಕಾಲದ ಎಲ್ಲ ಇಲಾಖೆಗಳಿಗೂ ದೇಶದಾದ್ಯಂತ ಒಂದೇ ಸಮಗ್ರ ಜಾಲವಿರಬೇಕು, ಅದಕ್ಕೆ 800 ಮೆಗಾಹರ್ಟ್ಸ್ ಆಸುಪಾಸಿನ ಆವರ್ತನಗಳು ಮೀಸಲಾಗಬೇಕು. ಮಾತಿನ ಜೊತೆಗೆ ಚಿತ್ರವನ್ನೂ ನಕ್ಷೆಯನ್ನೂ ಕಳುಹಿಸಲು ಅಷ್ಟು ಅಗಲವಾದ ದಾರಿ ಬೇಕೇ ಬೇಕು. ಆದರೆ 800 ಮೆಗಾಹರ್ಟ್ಸ್ ಅಲೆಯ ಉದ್ದ ಒಂದು ಮೊಳಕ್ಕಿಂತಲೂ ಕಡಿಮೆ. ಎರಡು ಮೀಟರಿನ ಅಲೆ ನುಸುಳುವ ಒದ್ದೆ ಕಾಡಿನಲ್ಲಿ ಈ ಮೊಳದ ಅಲೆ ಬೇಗನೆ ದಣಿಯುತ್ತದೆ. ಒಂದು ಶಿಖರ ಮಾಡುತ್ತಿದ್ದ ಕೆಲಸಕ್ಕೆ ಹಲವು ಗೋಪುರಗಳು ಬೇಕಾಗುತ್ತವೆ. ಪ್ರತಿಯೊಂದು ಗೋಪುರಕ್ಕೂ ರಸ್ತೆ, ವಿದ್ಯುತ್ತು, ಡೀಸೆಲು ಬೇಕಾಗುತ್ತವೆ.

ಮೂರನೆಯ ಯುಗದ ಸ್ವರೂಪ ಜನಕ್ಕೆ ಗೊತ್ತಿರುವುದು ಅಂಕಿಗಳಿಂದ. 2008ರ ನವೆಂಬರ್ 1ರಂದು ಕರ್ನಾಟಕದಲ್ಲಿ 108ರ ಆರೋಗ್ಯ ಕವಚ ಬಂದಿತು. ಪೋಲೀಸರ 100, ಅಗ್ನಿಶಾಮಕದ 101 ಮೊದಲಾದುವನ್ನು ಒಂದುಗೂಡಿಸುವ 112ನ್ನು 2018ರ ನವೆಂಬರ್‌ನಲ್ಲಿ ಹಿಮಾಚಲ ಪ್ರದೇಶ ಮೊದಲು ಕೈಗೊಂಡಿತು. ಅನಂತರ ಅದು ಕರ್ನಾಟಕಕ್ಕೂ ಬಂದಿತು. ಈ ವ್ಯವಸ್ಥೆಯಲ್ಲಿ ಕರೆ ಮೊದಲು ಬೆಂಗಳೂರಿನ ಕೇಂದ್ರಕ್ಕೆ ಹೋಗಿ, ಅಲ್ಲಿಂದ ಜಿಲ್ಲೆಯ ವಾಹನದಲ್ಲಿರುವ ಪರದೆಯ ಮೇಲೆ ಇಳಿಯುತ್ತದೆ. ಕೊಪ್ಪದವನ ಕೂಗು ಬೆಂಗಳೂರನ್ನು ಸುತ್ತಿ ಕೊಪ್ಪಕ್ಕೆ ಹಿಂದಿರುಗುತ್ತದೆ. ಕಾಲದ ದೃಷ್ಟಿಯಿಂದ ಇದು ಕ್ಷಣದ ಮಾತು. ಜ್ಞಾನದ ದೃಷ್ಟಿಯಿಂದ ಹಾಗಲ್ಲ. ಕೊಪ್ಪವೆಂದರೆ ನಮಗೆ ಒಂದೇ ಊರು. ಬೆಂಗಳೂರಿನ ಮೇಜಿನ ಮುಂದೆ ಕುಳಿತವರಿಗೆ ಮದ್ದೂರು ತಾಲ್ಲೂಕಿನಲ್ಲೊಂದು ಕೊಪ್ಪವುಂಟು, ಕುಶಾಲನಗರದ ಹೊಳೆಯಾಚೆ ಇನ್ನೊಂದುಂಟು. ಜಯಪುರ ಮೈಸೂರಿನ ಬಳಿಯೂ ಇದೆ, ಹರಿಹರಪುರ ಕೃಷ್ಣರಾಜಪೇಟೆಯ ಕಡೆಯೂ ಇದೆ. ಉಪಗ್ರಹದ ನೆರವಿನಿಂದ ಕರೆದವನ ಸ್ಥಳ ತಿಳಿಯುವುದಾದರೆ ಈ ಗೊಂದಲವಿಲ್ಲ. ಅದಕ್ಕೆ ಫೋನು ತಕ್ಕುದಾಗಿರಬೇಕು, ಜಾಲ ಬಲವಾಗಿರಬೇಕು. ಹಳ್ಳದಾಚೆಯ ಮೂರನೆಯ ಮನೆ ಎಂದರೆ ಶೃಂಗೇರಿ ಠಾಣೆಯವರಿಗೆ ತಿಳಿಯುವುದು ಯಾವ ಪರದೆಯ ಮೇಲೂ ಮೂಡುವುದಿಲ್ಲ. ಕೇಂದ್ರವೊಂದೇ ಆದಾಗ ಅದರ ತೊಡಕೂ ಎಲ್ಲರದಾಗುತ್ತದೆ. 2022ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ 108ರ ಕೇಂದ್ರದ ಯಂತ್ರ ಕೆಟ್ಟಾಗ ರಾಜ್ಯದಾದ್ಯಂತ ಕರೆಗಳು ತಡೆದುವು.

ಹಾಗೆಂದು ನಾವು ಹಳೆಯದನ್ನೇ ಹೊಗಳಲು ಹೊರಟಿಲ್ಲ. ಎರಡನೆಯ ಯುಗದ ತೆರೆದ ಕಿವಿ ಇಲಾಖೆಯ ಒಳಗಿನವರಿಗೆ ಮಾತ್ರ ತೆರೆದಿತ್ತೆಂಬುದನ್ನು ಮರೆಯಬಾರದು. ಠಾಣೆಯಿಂದ ಠಾಣೆಗೆ ಮಾತು ಎಷ್ಟು ಚೆನ್ನಾಗಿ ಹೋದರೂ ಒಂಟಿಮನೆಯ ಹೆಂಗಸು ನಡುರಾತ್ರಿಯಲ್ಲಿ ಠಾಣೆಯನ್ನು ಕರೆಯುವಂತಿರಲಿಲ್ಲ. ಮನೆಯ ಗಂಡಸಿನಿಂದಲೇ ಆಪತ್ತು ಬಂದವಳಿಗೆ ಕೂಗಳತೆಯ ನೆರೆಹೊರೆಯೂ ಎಷ್ಟೋ ವೇಳೆ ಕಿವುಡಾಗಿರುತ್ತಿತ್ತು. ಕೈಯಲ್ಲಿರುವ ಫೋನಿನಿಂದ ಮೂರು ಅಂಕಿಯೊತ್ತಿದರೆ ಸಾಕು ಎಂಬ ಸ್ಥಿತಿ ಮೊದಲ ಬಾರಿಗೆ ಅವಳನ್ನು ಕೂಗಬಲ್ಲವಳನ್ನಾಗಿ ಮಾಡಿತು. 2024ರ ಬೇಸಗೆಯಲ್ಲಿ ಈ ತಾಲ್ಲೂಕುಗಳಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಾಗ ರೋಗಿಯನ್ನು ಮಣಿಪಾಲಕ್ಕೋ ಶಿವಮೊಗ್ಗಕ್ಕೋ ಸಾಗಿಸಬೇಕಾದವರಿಗೆ ಮೋರ್ಸ್ ಆಪರೇಟರಾಗಲಿ ಶಿಖರದ ಕಂಬವಾಗಲಿ ನೇರವಾಗಿ ಒದಗುತ್ತಿರಲಿಲ್ಲ. ಮೂರನೆಯ ಯುಗದ ಈ ಲಾಭವನ್ನು ಯಾರೂ ಅಲ್ಲಗಳೆಯಲಾರರು.

ನಮ್ಮ ಆಕ್ಷೇಪವಿರುವುದು ಹೊಸದು ಬಂದಾಗ ಹಳೆಯದನ್ನು ನಿಷ್ಪ್ರಯೋಜಕವೆಂದು ಕಳಚಿಹಾಕುವ ಪ್ರವೃತ್ತಿಗೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ರಸ್ತೆ, ವಿದ್ಯುತ್ತು, ದೂರವಾಣಿ ಮೂರೂ ಒಟ್ಟಿಗೆ ಕಡಿದುಹೋದುವು. ಮರುವರ್ಷದ ಆಗಸ್ಟ್‌ನಲ್ಲಿ ನಮ್ಮದೇ ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳು ಕುಸಿದುವು. ಮೊಬೈಲ್ ಗೋಪುರದ ಬ್ಯಾಟರಿಗೆ ಕೆಲವು ಗಂಟೆಗಳ ಆಯುಸ್ಸು. ಡೀಸೆಲು ತರುವ ರಸ್ತೆಯ ಮೇಲೆ ಮರ ಬಿದ್ದಿದ್ದರೆ ಆ ಗೋಪುರದ ಕೆಳಗಿನ 112, 108, 1077 ಎಲ್ಲವೂ ಒಂದೇ ಗಳಿಗೆಯಲ್ಲಿ ಮೂಕವಾಗುತ್ತವೆ. ಅಂಥ ರಾತ್ರಿಯಲ್ಲಿ ಎರಡು ವಾಕಿಟಾಕಿಗಳು ಗೋಪುರದ ಹಂಗಿಲ್ಲದೆ ಕಣಿವೆಯ ಈ ಅಂಚಿನಿಂದ ಆ ಅಂಚಿಗೆ ಮಾತನಾಡಬಲ್ಲುವು. ಹೊಸ ಜಾಲಕ್ಕೆ ಆವರ್ತನ ಹಂಚುವವರು ಈ ಹಳೆಯ ಎರಡು ಮೀಟರಿನ ಅಲೆಯನ್ನು ಮಲೆನಾಡಿನ ತಾಲ್ಲೂಕುಗಳ ಪಾಲಿಗೆ ಉಳಿಸಿಕೊಡುವುದು ಅವಶ್ಯವೆಂದು ನಮ್ಮ ಖಚಿತವಾದ ಅಭಿಪ್ರಾಯ.

ಸಂಶೋಧನೆ ಮಾಡುವವರಿಗೆ ಸಂಬಂಧಿಸಿದ ಇನ್ನೊಂದು ವಿಷಯವಿದೆ. ನಿಸ್ತಂತು ಮಾತು ಶಾಸನದಂತೆ ಕಲ್ಲಿನ ಮೇಲೆ ನಿಲ್ಲುವುದಿಲ್ಲ, ಕಡತದಂತೆ ಕಪಾಟಿನಲ್ಲಿ ಕೂರುವುದಿಲ್ಲ. ಅದರ ಕುರುಹಾಗಿ ಉಳಿಯುವುದು ಆಪರೇಟರು ಗಂಟೆ ನಿಮಿಷಗಳೊಡನೆ ಬರೆದಿಟ್ಟ ಲಾಗ್ ಪುಸ್ತಕವೊಂದೇ. ಅವಧಿ ಮುಗಿದ ಮೇಲೆ ಅದು ರದ್ದಿಗೆ ಹೋಗುವ ದಾಖಲೆಗಳ ಸಾಲಿಗೆ ಸೇರುತ್ತದೆ. ಜುಲೈ ತಿಂಗಳಿನ ಒಂದು ರಾತ್ರಿಯ ಲಾಗ್ ಪುಸ್ತಕದಲ್ಲಿ ಯಾವ ಸೇತುವೆ ಯಾವ ಗಳಿಗೆಯಲ್ಲಿ ಮುಳುಗಿತು, ಯಾರು ಯಾರನ್ನು ಕರೆದರು, ಎಷ್ಟು ಬಾರಿ ಕರೆದ ಮೇಲೆ ಉತ್ತರ ಬಂದಿತು ಎಂಬುದು ಇರುತ್ತದೆ. ಗೆಜೆಟಿಯರುಗಳಲ್ಲಿ ಇದು ಸಿಗುವುದಿಲ್ಲ. ಮೋರ್ಸ್ ಬಲ್ಲ ಆಪರೇಟರುಗಳು ನಿವೃತ್ತರಾಗಿ ಬಹಳ ವರ್ಷಗಳಾದುವು; ವಿ.ಎಚ್.ಎಫ್. ಕಾಲದವರೂ ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಾರೆ. ಮಲೆನಾಡಿನ ಕಾಲೇಜುಗಳ ಇತಿಹಾಸದ ವಿದ್ಯಾರ್ಥಿಗಳು ತಮ್ಮ ಊರಿನಲ್ಲಿರುವ ಇಂಥವರನ್ನು ಕಂಡು ಬರೆದುಕೊಳ್ಳುವ ಕೆಲಸ ಈಗಲೇ ಆಗಬೇಕು.

ಶೃಂಗೇರಿಯಲ್ಲಿ ತುಂಗೆಯ ದಡದ ಮೇಲೆ ಕಪ್ಪೆಶಂಕರನ ಚಿಕ್ಕ ಗುಡಿಯಿದೆ. ಹೆಡೆಯೆತ್ತಿದ ಹಾವಿನ ನೆರಳಿನಲ್ಲಿ ಕಪ್ಪೆ ಇರುವ ಶಿಲ್ಪ ಅಲ್ಲಿಯದು. ಮುಂಗಾರು ಬಲವಾದಾಗ ಹೊಳೆ ಏರಿ ಮೊದಲು ಅದು ಮುಳುಗುತ್ತದೆ, ಆಮೇಲೆ ಗಾಂಧಿಮೈದಾನ. ಹೊಳೆ ಇಷ್ಟು ಅಡಿ ಏರಿತೆಂದು ಊರಿನವರು ಹೇಳುವುದಿಲ್ಲ. ಕಪ್ಪೆಶಂಕರ ಮುಳುಗಿತು ಎನ್ನುತ್ತಾರೆ. ಈ ಮೂರು ತಾಲ್ಲೂಕುಗಳಲ್ಲಿ ಯಾರಿಗೆ ಅದನ್ನು ಹೇಳಿದರೂ ರಸ್ತೆ ಎಲ್ಲೆಲ್ಲಿ ಕಟ್ಟಿರಬಹುದು, ಯಾರ ಮನೆಯವರನ್ನು ಎಬ್ಬಿಸಬೇಕು ಎಂಬುದು ತಿಳಿಯುತ್ತದೆ. ದಡದಲ್ಲಿ ನಿಂತವನ ಬಾಯಿಂದ ಅಂಗಡಿಗೆ, ಅಂಗಡಿಯಿಂದ ವಾಟ್ಸಾಪಿನ ಗುಂಪುಗಳಿಗೆ, ಅಲ್ಲಿಂದ ಠಾಣೆಗೆ, ಠಾಣೆಯಿಂದ ನಿಯಂತ್ರಣ ಕೊಠಡಿಗೆ ಈ ಎರಡು ಪದಗಳು ಪ್ರತಿವರ್ಷವೂ ಹೋಗುತ್ತವೆ.